ಅಮ್ಮನ ಮಣಿಹೂವು

ಜೂನ್ 3, ಮಂಗಳವಾರ
ಕಾಡಕ್ಕಿ ಗಂಜಿ ಸೀದುಹೋಯಿತು. ಬರ್ನಡೀನ್ ಚಿಕ್ಕಮ್ಮನಿಗೆ ಊಟ ತಲುಪಿಸುವಾಗ ಒಂಬತ್ತೂವರೆ. ಆಗಲೇ ಅವಳು ಬಂದು ಕೂತಿದ್ದಳು — ಜುಲೈನ ಪೌವೌ ಕುಣಿತದ ಹಬ್ಬದ ಪೋಸ್ಟರಿಗೆಂದು ಕಮಿಟಿ ಕರೆಸಿದ ಚಿತ್ರಗಾರ್ತಿ, ತಾವ್ನಿ. ನಮ್ಮ ಹಾಗೇ ಒಜಿಬ್ವೆ ಬುಡಕಟ್ಟಿನವಳಂತೆ. ಬೆಳೆದದ್ದು ಮಿನಿಯಾಪೊಲಿಸ್‌ನಲ್ಲಿ. ಹಿರಿಯರಿಂದ ಕೇಳಿ ತಿಳಿದು ಚಿತ್ರ ಬಿಡಿಸುತ್ತಾಳಂತೆ. ಹೊಗೆಸೊಪ್ಪನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಚಿಕ್ಕಮ್ಮನಿಗೆ ಕೊಟ್ಟಳು, ಹಿರಿಯರನ್ನು ಕೇಳುವ ಕ್ರಮಪ್ರಕಾರ. ಕ್ರಮ ಯಾರೋ ಹೇಳಿಕೊಟ್ಟಿರಬೇಕು.

ಜೂನ್ 9
ಮತ್ತೆ ಬಂದಿದ್ದಳು. ಐದನೇ ಸಲ. ನಾನು ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು. ಪುಸ್ತಕ ಮುಚ್ಚಿದಳು.
"ಏನು ಬರ್ಕೊಂಡೆ?"
"ಏನಿಲ್ಲ ಆಂಟಿ, ಕಲೀತಾ ಇದ್ದೀನಿ."
ಹಿಂದೊಬ್ಬ ಹೀಗೇ ಕಲಿಯಲು ಬಂದಿದ್ದ. ಮರುವರ್ಷ ನಮ್ಮ ಮಣಿಕಸೂತಿಯ ಹೂಗಳೆಲ್ಲ ಗಿಫ್ಟ್ ಅಂಗಡಿಯ ಕಂಬಳಿಗಳ ಮೇಲೆ.

ಜೂನ್ 10, ಮಧ್ಯಾಹ್ನ 2
ನೋಡಿಬಿಟ್ಟೆ. ತಪ್ಪು, ಗೊತ್ತು. ಇಬ್ಬರೂ ಸರೋವರದ ಕಡೆ ಹೋಗಿದ್ದರು, ಅವಳ ಪುಸ್ತಕ ಕುರ್ಚಿಯ ಮೇಲಿತ್ತು. ಅದರಲ್ಲಿ ಅಮ್ಮನ ಹೂವು. ಐದು ಎಸಳು, ಒಂದು ಮಾತ್ರ ಬೇರೆ ಬಣ್ಣ. ಅಮ್ಮ ಹೋದ ಮೇಲೆ ಯಾರೂ ಹೊಲಿಯದ ಹೂವು. ಮಣಿಗಳ ಎಣಿಕೆ ಸಹಿತ. ಕಮಿಟಿಗೆ ಹೇಳಬೇಕು... ಮೊದಲು ಚಿಕ್ಕಮ್ಮನಿಗೆ.

ಜೂನ್ 11
"ಕದ್ದಿದ್ದಾಳೆ" ಅಂದೆ. ಚಿಕ್ಕಮ್ಮ ಮೀನಿನ ಸೂಪು ಕುಡಿಯುತ್ತಲೇ ಇದ್ದರು.
"ಕದ್ದಿಲ್ಲ. ನಾನೇ ಕೊಟ್ಟೆ."
"ಅದು ನಮ್ಮಮ್ಮಂದು."
"ನನ್ನಕ್ಕಂದೂ ಹೌದು. ಮೂರು ಚಳಿಗಾಲ ಕರೆದೆ, ಬಾ ಕೂತ್ಕೋ, ಕಲ್ತ್ಕೋ ಅಂತ. ನೀನು ನಾಳೆ, ನಾಳೆ ಅಂದೆ. ನಿನ್ನ ಮೂಗು ಎಲ್ಲಾ ಕಡೆ ಇರುತ್ತೆ ಜಾರ್ಜೆಟ್, ಕೈ ಮಾತ್ರ ಎಲ್ಲೂ ಇರಲ್ಲ."
ಊಟದ ಡಬ್ಬಿ ತೆಗೆದುಕೊಂಡು ಬಂದೆ. ಅವಳೇ ಅವರ ತಲೆ ಕೆಡಿಸಿರಬೇಕು.

ಜೂನ್ 27
ಎರಡು ವಾರದಿಂದ ಊಟ ಬಾಗಿಲಲ್ಲಿಟ್ಟು ಬರುತ್ತಿದ್ದೇನೆ. ಇವತ್ತು ಹಾಲ್‌ನಲ್ಲಿ ಪೋಸ್ಟರ್ ಅಂಟಿಸಿದರು. ಕುಣಿಯುವ ಮುದುಕಿಯ ಬೆನ್ನು, ಅವಳ ಕಪ್ಪು ಮಖಮಲ್ಲಿನ ಉಡುಪಿನ ತುಂಬ ಅಮ್ಮನ ಹೂವು. ಚೆನ್ನಾಗಿದೆ. ಅದಕ್ಕೇ ಸಿಟ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ — ಈ ಹೂವು ಮಾರಾಟಕ್ಕಿಲ್ಲ. ಕಲಿಯುವವರು ಬರ್ನಡೀನ್ ಅಥವಾ ಜಾರ್ಜೆಟ್ ಅವರನ್ನು ಕೇಳಿ.
ತಾವ್ನಿಯನ್ನು ಅಡ್ಡಗಟ್ಟಿದೆ. "ನನ್ನ ಹೆಸರು ಯಾಕೆ?"
"ನಿಮ್ಮ ಚಿಕ್ಕಮ್ಮನೇ ಹಾಕಿಸಿದ್ದು ಆಂಟಿ. ಜಾರ್ಜೆಟ್ ಆಂಟಿಗೆ ಅದು ಬರುತ್ತಾ ಅಂತ ಕೇಳಿದೆ. ಬರೋ ಹಾಗೆ ಮಾಡ್ತೀನಿ ಅಂದ್ರು."
ಇಬ್ಬರೂ ಸೇರಿ ಹೂಡಿದ ಆಟ.

ಜೂನ್ 28, ಬೆಳಿಗ್ಗೆ 11
ಇಬ್ಬರು ಹುಡುಗಿಯರು ಫೋನ್ ಮಾಡಿದ್ದರು, ಹೂವು ಕಲಿಸ್ತೀರಾ ಅಂತ. ಭಾನುವಾರ ಬನ್ನಿ ಅಂದುಬಿಟ್ಟೆ.
ಚಿಕ್ಕಮ್ಮನ ಮೇಜಿನ ಮೇಲೇ ಬರೆಯುತ್ತಿದ್ದೇನೆ. ಬೈಯಲಿಲ್ಲ, ಸೂಜಿಗೆ ದಾರ ಪೋಣಿಸಿಟ್ಟಿದ್ದರು. ಮೊದಲ ಎಸಳು ಬಲಗಡೆಯಿಂದ. ಏಳು ನೀಲಿ, ಒಂದು ಬಿಳಿ, ತಿರುವಿನಲ್ಲಿ ದಾರವನ್ನು... ಪೆನ್ನು ಕೆಳಗಿಡು, ಸೂಜಿ ಹಿಡಿ ಅನ್ನುತ್ತಿದ್ದಾರೆ ಚಿಕ್ಕಮ್ಮ.