ಹದಿನೇಳನೆಯ ಸ್ಯಾಂಪಲ್

ಮಂಗಳವಾರ, ಮಧ್ಯಾಹ್ನ

ಅಕ್ಕಾ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನಿನ್ನ ಲೇಖನ ಅಚ್ಚಾಗಿದೆ ಎಂದು ಅಮ್ಮ ಬೀದಿಗೆಲ್ಲ ಹೇಳಿ ಬಂದಿದ್ದಾಳೆ. ನನ್ನ ಬಗ್ಗೆ, "ಸ್ಕೂಲೂ ಬಿಟ್ಲು, ಲ್ಯಾಬೂ ಬಿಟ್ಲು" ಎನ್ನುತ್ತಾಳೆ. ಸ್ಕೂಲು ನಾನೇ ಬಿಟ್ಟದ್ದು. ಲ್ಯಾಬಲ್ಲ.

ನಿನ್ನ ಸ್ಯಾಂಪಲ್ ಒರೆಸಿ, ಪ್ಯಾಕ್ ಮಾಡುವ ಆ ಕೆಲಸ ಕೊಡಿಸಿದವಳು ನೀನೇ. ಉಗುರಗಲದ ಸ್ಯಾಂಪಲ್, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಫೆರೋಎಲೆಕ್ಟ್ರಿಕ್ ಪದರ. ವಿದ್ಯುತ್ ಕೊಟ್ಟಾಗ ಅದರೊಳಗಿನ ಧನ-ಋಣ ತಿರುಗಬೇಕು, ತೆಗೆದ ಮೇಲೂ ಹಾಗೇ ನಿಲ್ಲಬೇಕು ಎಂದು ಊಟದ ತಟ್ಟೆ ತಿರುಗಿಸಿ ಹೇಳಿಕೊಟ್ಟೆ. ನೀನು ಮಾಡಿದವು ತಿರುಗುತ್ತಿದ್ದವು, ನಿಲ್ಲುತ್ತಿರಲಿಲ್ಲ.

ನಾನು ಕನ್ನಡಕ ಒರೆಸುವವರ ಹಾಗೆ ಬಾಯಿಂದ ಊದಿ, ಧೂಳು ತೆಗೆದು ಇಟ್ಟವು ಮಾತ್ರ ನಿಂತವು. ಉಸಿರಿನ ನೀರು ಮೇಲ್ಮೈಗೆ ಅಂಟಿ ಅಲ್ಲಿನ ವಿದ್ಯುದಾವೇಶವನ್ನು ಸರಿದೂಗಿಸುತ್ತದೆ ಎಂದು ನೀನೇ ಕಂಡುಹಿಡಿದೆ. ಅದನ್ನೇ ಬರೆದಿದ್ದರೆ ಸಾಕಿತ್ತು. "ಊದಿದ್ದು ಅಂತ ಬರೆದ್ರೆ ನಗ್ತಾರೆ ಕಣೇ. ಪದರ ಮಾಡೋ ದ್ರಾವಣಾನೇ ಬದಲಾಯಿಸ್ತೀನಿ, ಊದದೇನೇ ನಿಲ್ಲತ್ತೆ ನೋಡು" ಎಂದೆ. ಹೊಸ ದ್ರಾವಣದ ಹದಿನೇಳನೆಯ ಸ್ಯಾಂಪಲ್ ನಿಂತಿತು. ಉಸಿರಿನ ಮಾತೇ ಎತ್ತದೆ ಅಚ್ಚು ಹಾಕಿಸಿದೆ.

ಬೇರೆ ಲ್ಯಾಬಿಗೆ ಕಳಿಸಿದ ಅದೇ ದ್ರಾವಣದ ಸ್ಯಾಂಪಲ್‌ಗಳು, ಗಾಳಿ ತೇವ ಎಲ್ಲ ಹೀರಿ ತೆಗೆದ ಅವರ ವ್ಯಾಕ್ಯೂಮ್‌ನಲ್ಲಿ ನಿಲ್ಲಲಿಲ್ಲ. ನಿನ್ನ ಗೈಡ್ ಮೇಡಂ ಇಬ್ಬರನ್ನೂ ಕೂರಿಸಿ ಕೇಳಿದಾಗ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಪ್ಯಾಕ್ ಮಾಡುವಾಗ ಇವಳು ಕೈ ತಾಗಿಸಿರಬೇಕು ಮೇಡಂ. ಓದಿದವಳಲ್ಲ" ಎಂದೆ.

ಓದಿದವಳಲ್ಲ, ನಿಜ. ಆದರೆ ಲ್ಯಾಬ್ ಪುಸ್ತಕದಲ್ಲಿ ಪ್ರತಿ ಸ್ಯಾಂಪಲ್‌ನ ಮುಂದೆ "ಊದಿದ್ದು", "ಊದದ್ದು" ಎಂದು ನನ್ನ ಕಾಗೆಕಾಲಿನ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಆ ಪುಟಗಳು ಈಗಿಲ್ಲ. ಹರಿದವರು ಯಾರೆಂದು ಇಬ್ಬರಿಗೂ ಗೊತ್ತು. ಅವತ್ತೇ ಮೇಡಂ ನನ್ನನ್ನು ಕೆಲಸದಿಂದ ತೆಗೆದರು. ಹದಿನೈದು ದಿನವಾಯಿತು.

ಶುಕ್ರವಾರ ನಿನ್ನ ಪಿಎಚ್‌ಡಿ ವೈವಾ. ಅಷ್ಟರೊಳಗೆ ನೀನೇ ಮೇಡಂಗೆ ಹೇಳು. ಇಲ್ಲದಿದ್ದರೆ ನಾನು ಬಂದು ಹೇಳುತ್ತೇನೆ. ನಿನ್ನ ಡಿಗ್ರಿ ನಿಂತರೂ ಸರಿ, ಅಮ್ಮ ನನ್ನನ್ನು ಮನೆಯಿಂದ ಆಚೆ ಹಾಕಿದರೂ ಸರಿ.

ಸದಾ ಕುಯ್ಯುತ್ತಾಳೆಂದು ನೀನೇ ಹೆಸರಿಟ್ಟ,
ಪಿಟೀಲು

ತಾ.ಕ.: ಹದಿನೇಳನೆಯದನ್ನೂ ಊದಿದ್ದೆ. ಹೊಸ ದ್ರಾವಣವೂ ಕೈಕೊಟ್ಟರೆ ಎಂಬ ದಿಗಿಲಲ್ಲಿ ನೀನು ಎರಡು ದಿನದಿಂದ ಏನೂ ತಿಂದಿರಲಿಲ್ಲ. ನೀನು ಮುಖ ತೊಳೆಯಲು ಹೋದಾಗ ಊದಿ, ಪುಸ್ತಕದಲ್ಲಿ "ಊದದ್ದು" ಎಂದು ಬರೆದೆ. ಆ ದ್ರಾವಣವನ್ನು ನೀನು ನಿಜಕ್ಕೂ ನಂಬಿದ್ದೆ. ಶುಕ್ರವಾರ ನನ್ನ ಈ ಸುಳ್ಳನ್ನೇ ಮೊದಲು ಹೇಳುತ್ತೇನೆ.