ಫ್ರೀಜರಿನಲ್ಲಿ ನಿಮ್ಮ ಕಂಬಳಿ

ಅಪ್ಪಾ,

ಕಳಸದ ನಮ್ಮ ಪುಟ್ಟ ಮ್ಯೂಸಿಯಂನಲ್ಲಿಟ್ಟಿದ್ದ ನಿಮ್ಮ ಕಂಬಳಿಗೆ ಹುಳ ಬಿದ್ದಿದೆ. ಮ್ಯೂಸಿಯಂನವರಿಗೆ ಆನ್‌ಲೈನಿನಲ್ಲಿ ಸಲಹೆ ಕೊಡುವ ಸಂಸ್ಥೆಯೊಂದಕ್ಕೆ ಬರೆದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ, ಚಳಿಗೆ ಹುಳ ಸಾಯುತ್ತದೆ ಎಂದರು. ಐಸ್‌ಕ್ರೀಮ್ ಅಂಗಡಿಯ ಮೋಹಿತ್ ಜಾಗ ಕೊಟ್ಟ.

"ನಿಮ್ಮಪ್ಪ ಬಟರ್‌ಸ್ಕಾಚ್ ಪಕ್ಕ ಮಲಗ್ಲಿ ಬಿಡು ಮಾರಾಯ!"

ಇವತ್ತು ಮತ್ತೆ ಕರೆಂಟ್ ಹೋಗಿ, ಐಸ್‌ಕ್ರೀಮೆಲ್ಲ ಕರಗಿ ಚೀಲದೊಳಕ್ಕೆ ಇಳಿದಿದೆ. "ಮೊದಲಿನಿಂದ ಶುರು ಮಾಡಿ" ಎಂದು ಸಂಸ್ಥೆಯ ಉತ್ತರ. ಮಳೆಗಾಲದಲ್ಲಿ ಇಲ್ಲಿ ಎರಡು ವಾರ ಕರೆಂಟ್ ಎಲ್ಲಿರುತ್ತದೆ ಸ್ವಾಮಿ ಎಂದು ಬರೆದು, ಅಳಿಸಿಬಿಟ್ಟೆ.

ನೀವು ದಿನಾ ಹೊದ್ದು ಒಲೆಯ ಮುಂದೆ ಕೂರುತ್ತಿದ್ದಾಗ ಇದಕ್ಕೆ ಹುಳವೇ ಬಿದ್ದಿರಲಿಲ್ಲ. ಚೀಲ ಬಿಚ್ಚಿ ಮೂಸಿ ನೋಡಿದೆ. ಆ ಹೊಗೆಯ ವಾಸನೆ ಎಲ್ಲೂ ಇಲ್ಲ ಅಪ್ಪಾ, ಬರೀ ಬಟರ್‌ಸ್ಕಾಚ್.