ಈಜುಕೊಳದ ಗುಲಾಬಿ ಲೋಳೆ

ಮಂಗಳವಾರ, ಹನ್ನೆರಡನೇ ತಾರೀಕು

ಪ್ರೀತಿಯ ಅಮ್ಮಾ,

ಮಂಡಿಗೆ ಮುಲಾಮು ಹಚ್ಚುತ್ತಿದ್ದೀಯ ಅಂದುಕೊಳ್ಳುತ್ತೇನೆ. ಫೋನಿನಲ್ಲಿ ಹೇಳಿದರೆ ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಒಂಬತ್ತು ವರ್ಷ ಉಜ್ಜಿದ ಈಜುಕೊಳದ ಆ ಗುಲಾಬಿ ಲೋಳೆ ಬರೀ ಕೊಳೆಯಲ್ಲ. ಇದುವರೆಗೆ ಯಾರೂ ಗುರುತಿಸದ ಬ್ಯಾಕ್ಟೀರಿಯಾ.

ಹೋದ ವರ್ಷ ಕೊಳವನ್ನು ಒಡೆಯುವ ಮೊದಲು ಅನುಮತಿ ಪಡೆದು ಒಳಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಅಂಚಿನ ಟೈಲ್ಸ್ ಸಂದಿಯಲ್ಲಿ ಅದು ಹಾಗೇ ಕೂತಿತ್ತು. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಲ್ಯಾಬಿಗೆ ತಂದು ತಟ್ಟೆಯಲ್ಲಿ ಬೆಳೆಸಿದೆ. ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ಸಾಸಿವೆಗಿಂತ ಚಿಕ್ಕ ಗುಲಾಬಿ ಚುಕ್ಕೆಗಳು. ನಮ್ಮ ಪ್ರೊಫೆಸರ್ ಇಣುಕಿ ನೋಡಿ, "ಎಲ್ಲಾ ಬಚ್ಚಲಲ್ಲೂ ಇರೋದೇ ಕಣಮ್ಮ, ಬಿಟ್ಟಾಕು" ಅಂದರು. ನಾನು ಬಿಡಲಿಲ್ಲ. ಈ ಹಟ ಯಾರಿಂದ ಬಂದದ್ದು ಅಂತ ನಿನಗೆ ಗೊತ್ತು.

ಅದರ ಜೀನ್ ಓದಿಸಿ, ಗೊತ್ತಿರುವ ಬ್ಯಾಕ್ಟೀರಿಯಾಗಳ ಜೊತೆ ಹೋಲಿಸಿದೆ. ತೀರಾ ಹತ್ತಿರದ ನೆಂಟನೂ ನೂರಕ್ಕೆ ತೊಂಬತ್ತಾರರಷ್ಟೇ ಹೊಂದಿತು. ಒಂದೇ ಪ್ರಭೇದ ಎನ್ನಲು ತೊಂಬತ್ತೊಂಬತ್ತರ ಹತ್ತಿರವಾದರೂ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಅದು ಏನು ತಿನ್ನುತ್ತದೆ, ಎಷ್ಟು ಬಿಸಿ, ಎಷ್ಟು ಉಪ್ಪು ತಾಳುತ್ತದೆ, ಎಲ್ಲ ಬರೆದು, ಎರಡು ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಗಳಿಗೆ ಜೀವಂತ ಮಾದರಿ ಕಳಿಸುವ ಹೊತ್ತಿಗೆ ವರ್ಷ ಉರುಳಿತು. ಕ್ಲೋರಿನ್ ಪರೀಕ್ಷೆಯನ್ನು ಮಾತ್ರ ಮೂರು ಸಲ ನಾನೇ ಮಾಡಿದೆ. ನಿನ್ನ ಬಕೆಟ್ಟಿನಲ್ಲಿ ಇರುತ್ತಿದ್ದಷ್ಟು ಕ್ಲೋರಿನ್‌ಗೆ ಅದು ಸಾಯುವುದಿಲ್ಲ. ಲೋಳೆ ಹೊದ್ದು ಮಲಗಿದ್ದು, ನೀರು ಬದಲಾದ ಮೇಲೆ ಏಳುತ್ತದೆ.

ಅಂದರೆ ನೀನು ಉಜ್ಜಿದ್ದೆ, ಅಮ್ಮಾ. ದಿನಾ ಉಜ್ಜಿದ್ದೆ. ಲೋಳೆ ಮತ್ತೆ ಮತ್ತೆ ಬರುತ್ತದೆಂದು ಮೇಲ್ವಿಚಾರಕರು ಎಲ್ಲರೆದುರು, "ಬ್ರಷ್ ಹಿಡಿಯೋಕೂ ಸೋಮಾರಿತನವೇನಮ್ಮ?" ಅಂದು ನಿನ್ನನ್ನು ಕೆಲಸದಿಂದ ತೆಗೆದದ್ದು ತಪ್ಪು. ಆಮೇಲೆ ನೀನು ನಮ್ಮ ಬಚ್ಚಲನ್ನೇ ದಿನಕ್ಕೆರಡು ಸಲ ತೊಳೆಯತೊಡಗಿದೆ. ಯಾರಿಗೆ ತೋರಿಸಲೆಂದೋ.

ಇದರ ಬಗ್ಗೆ ನಾನು ಬರೆದ ಪ್ರಬಂಧವನ್ನು ವಿಜ್ಞಾನ ಪತ್ರಿಕೆಯೊಂದು ಮೊನ್ನೆ ಒಪ್ಪಿಕೊಂಡಿತು. ಬ್ಯಾಕ್ಟೀರಿಯಾಕ್ಕೆ ನಿನ್ನನ್ನೇ ನೆನೆದು 'ತೊಳೆಯುವವಳದು' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟಿದ್ದೇನೆ. ಕ್ರಿಮಿಗೆ ನನ್ನ ಹೆಸರಾ ಅಂತ ಸಿಡುಕಬೇಡ. ಅದರಿಂದ ಯಾರಿಗೂ ಕಾಯಿಲೆ ಬಂದದ್ದು ಗೊತ್ತಿಲ್ಲ.

ನಿನ್ನ
ಗುಬ್ಬಿ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನನ್ನು ತೆಗೆಯುವ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಕೊಳದ ಹತ್ತಿರ ಬಂದಿದ್ದೆ. "ನಿಮ್ಮಮ್ಮ ದಿನಾ ಉಜ್ತಾಳಾ?" ಅಂತ ಮೇಲ್ವಿಚಾರಕರು ಕೇಳಿದರು. ಇಲ್ಲ ಅಂದೆ. ನನಗಾಗ ಹತ್ತು ವರ್ಷ. ಕೆಲಸ ಹೋದರೆ ಸಂಜೆ ನೀನು ಮನೆಯಲ್ಲೇ ಇರುತ್ತೀಯ ಅಂದುಕೊಂಡಿದ್ದೆ, ಅಷ್ಟೇ. ಭಾನುವಾರ ಬರುತ್ತೇನೆ. ಬೈಯುವುದಿದ್ದರೆ ಬಾಯ್ತುಂಬ ಬೈದುಬಿಡು.